ತೋಳಿಗೆ ತಕ್ಕ ಬಿಲ್ಲು

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ, ಕ್ಯಾಲೆಂಡರಿನ ಮೊಳೆಗೇ ಜೋತುಬಿದ್ದ ಸುತಳಿಯ ಉಂಡೆಯೊಂದಿದೆ. ಆ ಉಂಡೆಯ ಹೊಟ್ಟೆಗೆ ಚುಚ್ಚಿಕೊಂಡು ಒಂದು ದಬ್ಬಣ ವಾಸವಾಗಿದೆ. ಗೇಣುದ್ದದ ಕಬ್ಬಿಣದ ಸೂಜಿ. ಗೋಣಿಚೀಲದ ಬಾಯಿ ಹೊಲಿಯುವುದೊಂದನ್ನು ಬಿಟ್ಟರೆ ಲೋಕದ ಯಾವ ಘನಕಾರ್ಯಕ್ಕೂ ಒದಗದ ಈ ಆಯುಧದ ಮೂತಿ ತುಸು ಸೊಟ್ಟಗಾಗಿದೆ. ಮನೆಗೆ ಬಂದವರು ಅದನ್ನು ನೋಡಿ, "ಮಾಸ್ತರ ಮನ್ಯಾಗ ದಬ್ಬಣ ಯಾಕ್ರಿ, ಹುಡುಗ್ರ ಬಾಯಿ ಹೊಲಿಯಾಕೇನು?" ಎಂದು ಕೇಳುತ್ತಾರೆ. ಹೌದೆಂದು ತಲೆಯಾಡಿಸಿ ಚಹಾ ಕೊಟ್ಟು ಕಳಿಸುತ್ತೇನೆ. ನಿಜ ಹೇಳಹೊರಟರೆ ಒಂದು ಮಾಯದ ಬಿಲ್ಲಿನಿಂದ ಸುರುಮಾಡಬೇಕಾಗುತ್ತದೆ. ಮಾಯದ ಬಿಲ್ಲು ಎಂದ ಕೂಡಲೇ ಜನ ಮಾಸ್ತರನ ನೆತ್ತಿಗೆ ಬಿಸಿಲು ಹತ್ತಿದೆಯೆಂದು ತಿಳಿಯುತ್ತಾರೆ. ನೀವು ಹಾಗೆ ಎದ್ದು ಹೋಗುವ ಪೈಕಿ ಅಲ್ಲವೆಂದು ನಂಬಿ ಹೇಳುತ್ತೇನೆ, ಕೂಡ್ರಿ.

ಮೊದಲು ನನ್ನ ದೇಹದ ಪರಿಚಯವಾಗಲಿ, ಯಾಕೆಂದರೆ ಈ ಕಥೆಯ ಖಳನಾಯಕ ಅದೇ. ನಾನು ತುರ್ವಿಹಾಳದ ಒಕ್ಕಲುಮನೆಯವನು. ಕಾಲುವೆ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಬೆಳೆಯದೆ ಉಳಿದದ್ದು ನಾನೊಬ್ಬನೇ ಎಂದು ಅಪ್ಪ ಹೇಳುತ್ತಿದ್ದ. ಸಣ್ಣವನಿದ್ದಾಗ ಹುಣಸೆ ಮರದಿಂದ ಬಿದ್ದು ಎಡ ಮೊಳಕೈ ಮುರಿಯಿತು. ಎಲುಬು ಕೂಡಿಸುವ ಊರ ಪಂಡಿತ ಅದನ್ನು ಕೂಡಿಸಿದನೇನೋ ಹೌದು, ಆದರೆ ಯಾವ ಕಡೆಗೆ ಕೂಡಿಸಬೇಕೆಂಬ ವಿಚಾರದಲ್ಲಿ ಅವನಿಗೂ ದೇವರಿಗೂ ಭಿನ್ನಾಭಿಪ್ರಾಯವಿತ್ತು. ಆ ಕೈಯಿಂದ ಸೀಮೆಸುಣ್ಣ ಹಿಡಿಯಬಹುದು, ಊದಿನಕಡ್ಡಿ ಬೆಳಗಬಹುದು. ಅದಕ್ಕಿಂತ ಭಾರದ್ದೇನನ್ನು ಹೊರಿಸಿದರೂ ಅದು ಕೆಲಸ ಬಿಟ್ಟು ಕೂಡುತ್ತದೆ.

ಇದು ಬೇರೆ ಊರಲ್ಲಾಗಿದ್ದರೆ ನಡೆದುಹೋಗುತ್ತಿತ್ತು. ನಮ್ಮ ಭತ್ತದ ನಾಡಿನಲ್ಲಿ ಗಂಡಸನ್ನು ಅಳೆಯಲು ಇದ್ದದ್ದು ಒಂದೇ ಮಾಪು, ಚೀಲ. ಎಪ್ಪತ್ತೈದು ಕಿಲೋದ ನೆಲ್ಲಿನ ಚೀಲವನ್ನು ಯಾರ ಹಂಗೂ ಇಲ್ಲದೆ ಹೆಗಲಿಗೇರಿಸಿದವ 'ಚೀಲದಾಂವ'. ಅದರ ಮೇಲೊಂದು ಮಗುವನ್ನೂ ಕೂರಿಸಿಕೊಂಡು ಬೀಡಿ ಸೇದುತ್ತ ನಡೆದವ 'ಚೀಲೂವರಿದಾಂವ', ಅಂದರೆ ಒಂದೂವರೆ ಚೀಲದವನು. ಕನ್ಯೆ ಕೊಡುವವರು ಹುಡುಗನ ಓದು ಕೇಳುವ ಮೊದಲು ಇದನ್ನು ಕೇಳುತ್ತಿದ್ದರು. ನನ್ನ ಅಪ್ಪ ಶಂಕ್ರಪ್ಪ ತನ್ನ ಕಾಲಕ್ಕೆ ಚೀಲೂವರೆಯವನು. ದೊಡ್ಡಪ್ಪನ ಮಗ ಪಂಪಣ್ಣ ಎರಡು ಚೀಲದವನಾಗುವ ಹಾದಿಯಲ್ಲಿದ್ದವನು. ನನಗೆ ಊರು ಕೊಟ್ಟ ಬಿರುದು 'ಕೈಚೀಲದಾಂವ'. ಈ ಬಿರುದಾಂಕಿತನಾಗಿಯೇ ನಾನು ಓದಿ, ಮಸ್ಕಿಯ ಒಂದು ಪ್ರಾಥಮಿಕ ಶಾಲೆಗೆ ಮಾಸ್ತರನಾಗಿ ಹೋದೆ.

ಮಸ್ಕಿಯಲ್ಲಿ ಬಾಡಿಗೆಗೆ ಹಿಡಿದ ಕೋಣೆ ನನ್ನ ಎರಡನೆಯ ಜನ್ಮಸ್ಥಳ. ಸಿಂಧನೂರಿನಿಂದ ಬರುವ ಬಸ್ಸೂ ಲಿಂಗಸುಗೂರಿನಿಂದ ಬರುವ ಬಸ್ಸೂ ಹೆಚ್ಚೂಕಡಿಮೆ ಸಮ ದೂರ ಓಡಿ ದಣಿದು ಉಸಿರು ಬಿಡುವ ಜಾಗ ಅದು. ಹೀಗಾಗಿ ಸಿಂಧನೂರಿನ ವೀರಭದ್ರನೂ ಲಿಂಗಸುಗೂರಿನ ಖಾಜಾನೂ ಭಾನುವಾರ ಹತ್ತು ಗಂಟೆಗೆ ನನ್ನ ಕೋಣೆಯಲ್ಲಿ ಸೇರುವುದು ರೂಢಿಯಾಯಿತು. ಇಬ್ಬರೂ ಕಾಲೇಜಿನ ದಿನದ ಗೆಳೆಯರು. ವೀರಭದ್ರ ಭತ್ತದ ಅಡತಿ ಅಂಗಡಿಯವರ ಮಗ. ಇಂಜಿನಿಯರಿಂಗ್ ಓದಲು ಹೋಗಿ, ಮೂರು ವರ್ಷ ಹಾಸ್ಟೆಲಿನ ಅನ್ನ ಉಂಡು, ಇಂಜಿನಿಯರನಾಗುವ ಅಪಾಯದಿಂದ ಪಾರಾಗಿ ಮರಳಿದ್ದ. ಖಾಜಾ ರೇಡಿಯೋ ರಿಪೇರಿಯವನು. ಬೆಳಗಾದರೆ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಸಾಮು ಮಾಡುವವನು. ಅವನು ನಮ್ಮ ಹೊಸ್ತಿಲು ದಾಟುವಾಗ ಒಂದು ಹೆಗಲನ್ನು ಮುಂದೆ ಕಳಿಸಿ, ಇನ್ನೊಂದನ್ನು ಆಮೇಲೆ ಕರೆಸಿಕೊಳ್ಳುತ್ತಿದ್ದ.

ವೀರಭದ್ರ ಹಾಸ್ಟೆಲಿನಿಂದ ತಂದ ಏಕೈಕ ವಿದ್ಯೆಯೆಂದರೆ ಒಂದು ಇಂಗ್ಲಿಷ್ ಪುಸ್ತಕದ ಝೆರಾಕ್ಸಿನ ಝೆರಾಕ್ಸು. ಅದೊಂದು ಆಟದ ಕಾನೂನು ಪುಸ್ತಕ. ಆಟವೆಂದರೆ ಮನೆ ಬರೆದು ಕಾಯಿ ನಡೆಸುವಂಥದಲ್ಲ. ಸುತ್ತ ಕೂಡಬೇಕು, ಒಬ್ಬ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ, ಮುಂದೇನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಕತ್ತಿ ಬೀಸಿದೆ ಎಂದರೆ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕದವರು ಕೇಳುವ ಇಪ್ಪತ್ತು ಮುಖದ ದಾಳ ನಮ್ಮ ಮೂರೂ ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ, ಅಂಥದನ್ನು ಕೇಳಿದ್ದಕ್ಕೆ ಬೈಗುಳ ಸಿಕ್ಕಿತು. ಒಂದರಿಂದ ಇಪ್ಪತ್ತರವರೆಗೆ ಬರೆದ ಚೀಟಿಗಳನ್ನು ಚಹಾಪುಡಿಯ ಡಬ್ಬಿಗೆ ಹಾಕಿ ಅಲ್ಲಾಡಿಸಿದೆವು. ವೀರಭದ್ರ ಕಥೆ ನಡೆಸುವವ. ಪುಸ್ತಕದಲ್ಲಿದ್ದ ರೆಕ್ಕೆಯ, ಬೆಂಕಿ ಉಗುಳುವ ಮಹಾಪ್ರಾಣಿಗೆ ಅವನು 'ರೆಕ್ಕಿ ಬಂದ ಉಡ' ಎಂದು ನಾಮಕರಣ ಮಾಡಿದ. ನಾನು ರಣಧೀರನೆಂಬ ಯೋಧನಾದೆ. ತಾಲೀಮಿನ ಖಾಜಾನಿಗೆ ಮೈ ಬಲದ ಪಾತ್ರ ಬೇಸರ; ಅವನು ಹಲ್ಲುದುರಿದ, ಕೋಲೂರಿದ, ಕೆಮ್ಮು ಹಿಡಿದ ಒಬ್ಬ ಮುದಿ ಮಂತ್ರವಾದಿಯಾದ.

ಇನ್ನು ಎಡವಟ್ಟಿಗೆ ಬರುತ್ತೇನೆ. ಪ್ರತಿ ಪಾತ್ರಕ್ಕೂ ಮೂರರಿಂದ ಹದಿನೆಂಟರೊಳಗೆ ಒಂದು 'ಬಲ'ದ ಅಂಕಿ ಇರಬೇಕೆಂದು ಪುಸ್ತಕ ಹೇಳುತ್ತಿತ್ತು. ಆ ಅಂಕಿ ಎಲ್ಲಿಂದ ಬರಬೇಕೆಂದು ಹೇಳುವ ಪುಟ ಮಾತ್ರ ಝೆರಾಕ್ಸಿನವನ ಅವಸರದಲ್ಲಿ ಬಿಟ್ಟುಹೋಗಿತ್ತು. ಬೇರೆ ದೇಶದವರಾಗಿದ್ದರೆ ಏನು ಮಾಡುತ್ತಿದ್ದರೋ. ನಾವು ಭತ್ತದ ನಾಡಿನವರು, ಬಲವೆಂದರೆ ಹೇಗೆ ಅಳೆಯುತ್ತಾರೆಂದು ನಮಗೆ ಪುಸ್ತಕ ಕಲಿಸಬೇಕೆ? ಒಂದು ಭಾನುವಾರ ಮೂವರೂ ಸಿಂಧನೂರಿನ ವೀರಭದ್ರನ ಗೋದಾಮಿಗೆ ಹೋಗಿ, ಖಾಲಿ ಚೀಲಕ್ಕೆ ಕಾಂಟಾದ ತೂಕದ ಗುಂಡುಗಳನ್ನು ತುಂಬಿ, ಒಬ್ಬೊಬ್ಬರಾಗಿ ಹೆಗಲಿಗೇರಿಸಿದೆವು. ನಾಲ್ಕು ಕಿಲೋಕ್ಕೆ ಒಂದು ಅಂಕಿ ಎಂದು ವೀರಭದ್ರ ತೀರ್ಪು ಕೊಟ್ಟ. ಖಾಜಾ ಎಪ್ಪತ್ತೆರಡನ್ನು ಎತ್ತಿ ಇನ್ನೂ ಹಾಕು ಎಂದ. ನಾನು ಇಪ್ಪತ್ತನಾಲ್ಕಕ್ಕೆ ನೆಲ ಕಚ್ಚಿದೆ. ಹೀಗೆ ಕೆಮ್ಮುವ ಮುದಿ ಮಂತ್ರವಾದಿಯ ಬಲ ಹದಿನೆಂಟಾಯಿತು, ಮಹಾಯೋಧ ರಣಧೀರನದು ಆರು. ಗೋದಾಮಿನ ಹಮಾಲರು ಮೂಟೆ ಇಳಿಸಿಟ್ಟು ಕೂತು ನಕ್ಕರು.

ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು, ಮುಚ್ಚುಮರೆ ಯಾಕೆ. ನಿಜವಾದ ಲೋಕದಲ್ಲಿ ಕೈಚೀಲದವನಾದದ್ದು ಹಣೆಬರಹ. ಸುಳ್ಳು ಲೋಕಕ್ಕೆ ಓಡಿ ಬಂದರೆ ಅಲ್ಲಿಯೂ ಕಾಂಟಾ ಹಿಡಿದು ನಿಂತಿದ್ದರು. "ಕಥಿಯೊಳಗಿನ ಮನಶ್ಯಾಂದು ಬಲ ಬ್ಯಾರೆ, ನಂದು ಬ್ಯಾರೆ" ಎಂದು ವಾದಿಸಿದೆ. ವೀರಭದ್ರ ಝೆರಾಕ್ಸು ತೋರಿಸಿ, "ಹಂಗಂತ ಎಲ್ಲೈತಿ ತೋರ್ಸು" ಎಂದ. ಇಲ್ಲದ ಪುಟದಲ್ಲಿ ಏನಿತ್ತೆಂದು ತೋರಿಸುವುದು ಯಾವ ಮಾಸ್ತರನಿಂದಲೂ ಆಗದ ಕೆಲಸ.

ಹೀಗೆ ಆರರ ಬಲದಲ್ಲಿ ಹನ್ನೊಂದು ಭಾನುವಾರ ಕಳೆದೆ. ರಣಧೀರ ಕತ್ತಿ ಎತ್ತಿದರೆ ಸಾಕು, ಖಾಜಾನ ಮುದುಕ ಕೆಮ್ಮುತ್ತ ಬಂದು "ಬೇಟಾ, ಕೈ ನೋಯಿಸ್ಕೊಂತಿ, ಇತ್ತಾಗ ಕೊಡು" ಎಂದು ಕಸಿದುಕೊಳ್ಳುತ್ತಿದ್ದ. ಹನ್ನೆರಡನೆಯ ಭಾನುವಾರ ಒಂದು ಗುಡ್ಡದ ಕೆಳಗಿನ ಗವಿಯಲ್ಲಿ ನಮಗೊಂದು ಬಿಲ್ಲು ಸಿಕ್ಕಿತು. ವೀರಭದ್ರ ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು ಅದರ ಗುಣ ಓದಿ ಹೇಳಿದ. ಉಳಿದ ಬಿಲ್ಲುಗಳಿಗೆ ತಮ್ಮದೇ ಒಂದು ಬಿಗಿ ಇರುತ್ತದೆ. ಬಲ ಕಡಿಮೆಯಾದವನಿಗೆ ಅವು ಬಗ್ಗುವುದಿಲ್ಲ, ಬಲ ಹೆಚ್ಚಾದವನ ಹೆಚ್ಚಿನ ಬಲ ಅವುಗಳಲ್ಲಿ ದಂಡ. ಈ ಮಾಯದ ಬಿಲ್ಲಿಗೆ ತನ್ನದೆಂಬ ಬಿಗಿಯೇ ಇಲ್ಲ. ಯಾರು ಹಿಡಿದರೂ ಅವರ ತೋಳನ್ನು ಅರಿತು ಅಷ್ಟಕ್ಕೇ ಬಗ್ಗುತ್ತದೆ, ಅಷ್ಟಕ್ಕೇ ಚಿಮ್ಮುತ್ತದೆ.

"ಅಂದ್ರ ಹಿಡಿದಾಂವಗ ಬಲ ಕೊಡ್ತೈತೇನು?" ಎಂದೆ, ಆಸೆಯಿಂದ.

"ಇಲ್ಲ. ಇದ್ದಷ್ಟ ತಗೊಂತೈತಿ."

"ಅರೆ ಯಾರ್, ಹಂಗಾದ್ರ ಏನ್ ಉಪಯೋಗ?" ಖಾಜಾ ತೊಡೆ ತಟ್ಟಿ ನಕ್ಕ. "ಇವಂದು ಆರರ ಬಾಣ ಹೋಗಿ ಬಡದ್ರ ಆ ಉಡ ತುರಿಸ್ಕೊಂಡು ಮಗ್ಗಲಾ ಬದಲಿ ಮಾಡ್ತೈತಿ."

ನಗಲಿ ಬಿಡಿ. ನನಗೆ ಆ ಬಿಲ್ಲಿನ ಮೇಲೆ ಮನಸ್ಸು ಕೂತುಬಿಟ್ಟಿತು. ಬಲ ಕೊಡುವ ಮದ್ದು, ಮಂತ್ರ, ತಾಯಿತಗಳ ವಿಷಯ ಬಾಲ್ಯದಿಂದ ಕೇಳಿದ್ದೇನೆ. ಅವೆಲ್ಲ ನೀನು ಇದ್ದಂತೆ ಸಾಲದು ಎಂದೇ ಮಾತು ಸುರುಮಾಡುತ್ತವೆ. ಈ ಬಿಲ್ಲೊಂದೇ ನನ್ನನ್ನು ಬದಲಾಗು ಎನ್ನಲಿಲ್ಲ, ತಾನು ಬದಲಾಯಿತು. ದೊಡ್ಡಾಟಗಳಲ್ಲಿ ನಾವು ನೋಡಿದ ಬಿಲ್ಲುಗಳೋ, ಶಿವಶಿವಾ, ಮಂದಿಯ ಮಾನ ಕಳೆಯಲೆಂದೇ ಹೆದೆ ಇಳಿಸಿಕೊಂಡು ಕೂತಂಥವು. ಸ್ವಯಂವರದ ಮಂಟಪದಲ್ಲಿ ಅಂಥದೊಂದನ್ನು ಮಲಗಿಸಿ, ಐವತ್ತಾರು ದೇಶದ ರಾಜರನ್ನು ಕರೆದು, ಒಬ್ಬೊಬ್ಬರಾಗಿ ಎತ್ತಲು ಹೋಗಿ ಕಿರೀಟ ಉರುಳಿಸಿಕೊಳ್ಳುವುದನ್ನು ಅಂತಃಪುರದ ಹೆಂಗಸರು ನೋಡಿ ನಗುವುದು ಯಾವ ಸೀಮೆಯ ಮದುವೆಯ ಪದ್ಧತಿಯೋ ನಾನರಿಯೆ. ಎತ್ತಿದ ಒಬ್ಬನ ಮೇಲೆ ಪದ ಕಟ್ಟುತ್ತಾರೆ. ಎತ್ತಲಾರದ ಐವತ್ತೈದು ಮಂದಿ ಮನೆಗೆ ಹೋಗಿ ಅವ್ವಂದಿರ ಮುಂದೆ ಏನೆಂದು ಹೇಳಿದರೋ ಯಾವ ಭಾಗವತನೂ ಹಾಡಿಲ್ಲ.

ಆಮೇಲೆ ನೋಡುತ್ತ ಹೋದಂತೆ ಇಂಥ ಮಾಯದ ಬಿಲ್ಲುಗಳು ನನ್ನ ಸುತ್ತಲೇ ಕಾಣತೊಡಗಿದವು. ಟೋಪಿಗೆ ತಲೆಯ ಅಳತೆ ಬೇಕು, ರುಮಾಲು ಯಾವ ತಲೆಗೂ ಸುತ್ತಿಕೊಳ್ಳುತ್ತದೆ, ಒಳಗೆ ಏನಿದೆಯೆಂದೂ ಕೇಳುವುದಿಲ್ಲ. ಕುರ್ಚಿ ದಪ್ಪ ಮನುಷ್ಯನನ್ನು ಹಿಡಿದು ಬಿಡುವುದಿಲ್ಲ, ನುಲಿಯ ಹೊರಸು ಅವನಿಗಾಗಿ ಜಗ್ಗಿ, ಕೂಸಿಗಾಗಿ ಬಿಗಿದು, ಇಬ್ಬರಿಗೂ ನಿದ್ದೆ ಕೊಡುತ್ತದೆ. ನಮ್ಮ ಶಾಲೆಯಲ್ಲೋ ಒಂದೇ ಪ್ರಶ್ನೆಪತ್ರಿಕೆ, ಒಂದೇ ಬೆಂಚು, ಒಂದೇ ಅಳತೆಯ ಬೆತ್ತ. ಮಸ್ಕಿಯ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಒಬ್ಬ ಚಕ್ರವರ್ತಿ, ಇದು ದೊಡ್ಡವರಿಗಷ್ಟೇ ಅಲ್ಲ ಸಣ್ಣವರಿಗೂ ದಕ್ಕುವಂಥದು ಎಂಬರ್ಥದ ಮಾತು ಕೆತ್ತಿಸಿದ್ದಾನೆಂದು ಓದಬಲ್ಲವರು ಹೇಳುತ್ತಾರೆ. ಪ್ರತಿವರ್ಷ ಮಕ್ಕಳನ್ನು ಸಾಲಾಗಿ ಅಲ್ಲಿಗೆ ಕರೆದೊಯ್ಯುತ್ತೇವೆ, ಎತ್ತರದವರನ್ನು ಮುಂದೆ ನಿಲ್ಲಿಸಿ.

ಈ ವೇದಾಂತವೆಲ್ಲ ಕೋಣೆಯಲ್ಲಿ ಚೆನ್ನಾಗಿತ್ತು. ಆ ವರ್ಷದ ಸುಗ್ಗಿಗೆ ಊರಿಂದ ಸುದ್ದಿ ಬಂತು: ಅಪ್ಪನ ಸೊಂಟ ಹಿಡಿದಿದೆ, ಮೊದಲ ಚೀಲಕ್ಕೆ ನೀನು ಬಾ.

ಮೊದಲ ಚೀಲ ನಮ್ಮ ಮನೆತನದ ಪದ್ಧತಿ. ಕಣದಲ್ಲಿ ಭತ್ತದ ರಾಶಿ ಪೂಜೆಯಾದ ಮೇಲೆ ಮನೆಯ ಹೆಂಗಸು ಮೂಡಣಕ್ಕೆ ಮುಖ ಮಾಡಿ, ಮಂದಿಗೆ ಬೆನ್ನು ಹಾಕಿ, ಮಾತಾಡದೆ ಒಂದು ಚೀಲ ತುಂಬುತ್ತಾಳೆ. ದಬ್ಬಣದಿಂದ ತಾನೇ ಬಾಯಿ ಹೊಲಿಯುತ್ತಾಳೆ. ಗಂಡಸರು ಆ ದಬ್ಬಣ ಮುಟ್ಟುವಂತಿಲ್ಲ, ಅತ್ತ ಇಣುಕುವಂತೆಯೂ ಇಲ್ಲ. ಆ ಚೀಲವನ್ನು ಮನೆಯ ಯಜಮಾನ ಒಬ್ಬನೇ ಎತ್ತಿ, ದಾರಿಯಲ್ಲಿ ಎಲ್ಲೂ ಇಳಿಸದೆ, ಇನ್ನೂರು ಹೆಜ್ಜೆ ನಡೆದು ದೇವರಮನೆಗೆ ಮುಟ್ಟಿಸಬೇಕು. ಅದು ಲಕ್ಷ್ಮಿಯಂತೆ. ನೆಲಕ್ಕಿಟ್ಟರೆ ಲಕ್ಷ್ಮಿ ಅಲ್ಲೇ ಇಳಿದು ಬೇರೆಯವರ ಮನೆಗೆ ಹೋಗುತ್ತಾಳಂತೆ, ಇಷ್ಟು ಮುಂಗೋಪದ ದೇವರನ್ನು ಇನ್ನೂರು ಹೆಜ್ಜೆ ಹೊರುವುದೆಂದರೆ ಹುಡುಗಾಟವಲ್ಲ. ಹೊತ್ತವನೇ ಯಜಮಾನ. ಮಗ ಹೊರಲಾರದೆ ಅಣ್ಣತಮ್ಮಂದಿರ ಮನೆಯವರು ಹೊತ್ತರೆ ಯಜಮಾನಿಕೆ ಆ ಹೆಗಲಿಗೆ ದಾಟಿತೆಂದೇ ಲೆಕ್ಕ. ಕಾಗದಪತ್ರದಲ್ಲಿ ಏನೂ ಬದಲಾಗುವುದಿಲ್ಲ. ಅಪ್ಪ ಮಾತ್ರ ಮಾರನೆಯ ದಿನದಿಂದ ಊರ ಕಟ್ಟೆಯ ಮೇಲೆ ಯಜಮಾನರ ನಡುಜಾಗ ಬಿಟ್ಟು ತುದಿಗೆ ಕೂಡಬೇಕಾಗುತ್ತದೆ.

ನನಗೆ ಅಪ್ಪನನ್ನು ಕಟ್ಟೆಯ ತುದಿಯಲ್ಲಿ ಕಾಣುವುದು ಬೇಕಿರಲಿಲ್ಲ. ಜೀವಮಾನವಿಡೀ ನನ್ನನ್ನು ಆಡಿಕೊಂಡ ಮನುಷ್ಯ, ಹೌದು. ಆದರೆ ಅವನು ಆಡಿಕೊಂಡದ್ದೆಲ್ಲ ನಡುಗಟ್ಟೆಯ ಮೇಲೆ ಕೂತು, ಜೋರು ದನಿಯಲ್ಲಿ. ಆ ದನಿ ಇಳಿಯುವುದನ್ನು ಕೇಳುವ ಶಕ್ತಿ ನನಗಿರಲಿಲ್ಲ.

ಗೆಳೆಯರಿಗೆ ಹೇಳಿದೆ. ಖಾಜಾ ಕೂಡಲೇ, "ನಾ ಬಂದು ಹೊತ್ತಬಿಡ್ಲೇನು? ಮಾರಿ ಕಾಣದಂಗ ಟವಲ್ ಸುತ್ಗೊಂತೀನಿ, ನೀನ ಅನ್ಕೊಂತಾರ" ಎಂದ. ಅವನ ಒಂದು ತೊಡೆ ನನ್ನ ಇಡೀ ಮೈಯಷ್ಟಿತ್ತು, ಟವಲ್ಲು ಎಲ್ಲೆಲ್ಲಿಗೆ ಸುತ್ತುವುದು? ಕೊನೆಗೆ ಅವನು ನನಗೆ ಸಾಮು ಕಲಿಸಲು ನಿಂತ. ಶಾಲೆಯ ಹಳೆಯ ಪಠ್ಯಪುಸ್ತಕಗಳನ್ನು ಚೀಲಕ್ಕೆ ತುಂಬಿ ಬೆಳಗಿನ ಹೊತ್ತು ಎತ್ತಿಳಿಸಿದೆ. ಆ ಪುಸ್ತಕಗಳು ಮಕ್ಕಳಿಗೆ ಎಷ್ಟು ಭಾರವೆಂದು ನನಗೆ ಗೊತ್ತಾದದ್ದು ಆಗಲೇ. ಒಂದು ತಿಂಗಳ ತಪಸ್ಸಿಗೆ ಇಪ್ಪತ್ತನಾಲ್ಕು ಕಿಲೋದಿಂದ ಇಪ್ಪತ್ತಾರಕ್ಕೆ ಬಂದೆ. ಆಟದಲ್ಲಿ ಅರ್ಧ ಅಂಕಿಯಾದರೂ ಹೆಚ್ಚಿಸು ಎಂದರೆ ವೀರಭದ್ರ, "ಅರ್ಧ ಅಂಕಿ ಅಂತ ಪುಸ್ತಕದಾಗ ಇಲ್ಲ" ಎಂದ. ಅಡತಿ ಮನೆತನದವನು, ತೂಕದಲ್ಲಿ ದಾಕ್ಷಿಣ್ಯವಿಲ್ಲ.

ರಾಶಿಯ ದಿನ ಬಿಸಿಲು ಏರುವ ಹೊತ್ತಿಗೆ ಊರಿನ ಅರ್ಧ ನಮ್ಮ ಕಣದಲ್ಲಿತ್ತು, ಉಳಿದರ್ಧ ಬರುತ್ತಿತ್ತು. ಕೈಚೀಲದವನು ಚೀಲ ಹೊರುತ್ತಾನಂತೆ ಎಂಬ ಸುದ್ದಿ ದಢೇಸುಗೂರಿನವರೆಗೂ ಹೋಗಿತ್ತೆಂದು ಆಮೇಲೆ ತಿಳಿಯಿತು. ಕಣದಿಂದ ಮನೆಗೆ ಹೋಗುವ ದಾರಿಯ ನಡುವೆ, ಬೇವಿನ ನೆರಳಿಗೆ ಹೊರಸು ಹಾಕಿಸಿಕೊಂಡು ಅಪ್ಪ ಒಂದು ಮಗ್ಗುಲಾಗಿ ಕೂತಿದ್ದ. ಅವ್ವ, ನೀಲಮ್ಮ ಆಕೆಯ ಹೆಸರು, ಎಲ್ಲರಿಗೂ ಬೆನ್ನು ಹಾಕಿ ಚೀಲ ತುಂಬಿದಳು. ಮರದಿಂದ, ಅಂದರೆ ಕೇರುವ ಮೊರದಿಂದ, ಸುರಿಯುವ ಸದ್ದು, ಬಳೆಯ ಸದ್ದು. ಮತ್ತೆ ದಬ್ಬಣ ಗೋಣಿಯನ್ನು ಚುಚ್ಚಿ ಎಳೆಯುವ ಸದ್ದು. ಚೀಲ ಬಸುರಿಯಂತೆ ತುಂಬಿ ನಿಂತಿತು. ಅದನ್ನು ನೋಡಿದ್ದೇ ನನ್ನ ಎಡಗೈ ರಜೆ ಚೀಟಿ ಬರೆಯಿತು.

ಪಂಪಣ್ಣ ತೋಳು ಮಡಚಿಕೊಂಡು ಮುಂದೆ ಬಂದ. "ಕಾಕಾ, ಪಾಪ ಆ ಮಾಸ್ತರಗ ಯಾಕ ತ್ರಾಸು? ನಾ ಹೊರ್ತೀನಿ ತಗಿ."

"ಮುಟ್ಟಿಗಿಟ್ಟೀ ಲೇ ಪಂಪ್ಯಾ!" ಅಪ್ಪ ಹೊರಸಿನ ಮೇಲಿಂದ ಗುಡುಗಿದ ರಭಸಕ್ಕೆ ಅವನ ಸೊಂಟವೇ ಹಿಡಿದುಕೊಂಡು ಮುಖ ಕಿವುಚಿದ. "ಹೊತ್ರ ನನ್ನ ಮಗನ ಹೊರಬೇಕು. ಇಲ್ಲಾಂದ್ರ ಅಲ್ಲೇ ಬಿದ್ದಿರ್ಲಿ."

ನನಗೆ ಅಪ್ಪನ ಮೇಲೆ ಆ ಕ್ಷಣ ಹುಟ್ಟಿದ ಕೋಪ ಅಷ್ಟಿಷ್ಟಲ್ಲ. ಮಾನ ಉಳಿಸಿಕೊಳ್ಳಲು ಒಂದು ಬಾಗಿಲು ತೆರೆದಿತ್ತು, ಅದನ್ನೂ ಇವನು ಧಡಾರನೆ ಹಾಕಿದ. ಬಿಲ್ಲಿನ ಮಂಟಪದಲ್ಲಿ ಕರೆದು ನಿಲ್ಲಿಸಿದ ಐವತ್ತಾರನೆಯ ರಾಜನಂತೆ ಹೋಗಿ ಚೀಲದ ಮುಂದೆ ನಿಂತೆ. ಅವ್ವ ದಬ್ಬಣವನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ, ಮಾತಾಡಬಾರದ ಪದ್ಧತಿ ಮುರಿದು, ತುಟಿ ಅಲ್ಲಾಡಿಸದೆ, "ಬಾಗು. ಬಲಗೈಯಾಗ ಅಪ್ಪಿ ಹಿಡಿ. ಅಂಜಬ್ಯಾಡ" ಎಂದಳು. ಕಣ್ಣು ಮುಚ್ಚಿ ಬಾಗಿದೆ, ಅಪ್ಪಿ ಹಿಡಿದೆ, ಇದ್ದ ಆರೂ ಅಂಕಿಯ ಬಲ ಹಾಕಿ ಎದ್ದೆ.

ಚೀಲ ನನ್ನ ಜೊತೆಗೆ ಎದ್ದಿತು!

ಜನ 'ಹೋ' ಎಂದರು. ಪಂಪಣ್ಣನ ಮಡಚಿದ ತೋಳು ಬಿಚ್ಚಿಕೊಂಡಿತು. ಭಾರವಿತ್ತು, ಇಲ್ಲವೆನ್ನಲಾರೆ. ಆದರೆ ಹೊರಬಹುದಾದ ಭಾರ. ಇಪ್ಪತ್ತು ಹೆಜ್ಜೆ ನಾನು ಭಗವಂತನನ್ನು ನಂಬಿದೆ, ಪಠ್ಯಪುಸ್ತಕಗಳನ್ನು ನಂಬಿದೆ, ಖಾಜಾನ ತಾಲೀಮನ್ನು ನಂಬಿದೆ. ಇಪ್ಪತ್ತೊಂದನೆಯ ಹೆಜ್ಜೆಗೆ ಕಿವಿಗೆ ಒತ್ತಿದ ಗೋಣಿಯ ಒಳಗಿಂದ ಒಂದು ಸದ್ದು ಕೇಳಿತು. ಗಟ್ಟಿ ಕಾಳು ಚೀಲದಲ್ಲಿ ಸರಿದರೆ 'ಜರ್ರ್' ಎನ್ನುತ್ತದೆ. ಇದು ಒಣ ಎಲೆಯಂತೆ ಪರಪರ ಎನ್ನುತ್ತಿತ್ತು. ಚೀಲ ಹೊರಲಾರದಿದ್ದರೂ ಒಕ್ಕಲಿಗನ ಮಗ ನಾನು, ಜೊಳ್ಳಿನ ಸದ್ದು ಗೊತ್ತಾಗದೆ ಇದ್ದೀತೆ? ತೂರಿದಾಗ ಗಾಳಿಗೆ ಹಾರುವ, ಒಳಗೆ ಅಕ್ಕಿಯೇ ಇಲ್ಲದ ಬರಿ ಸಿಪ್ಪೆ. ತಳಕ್ಕೊಂದಿಷ್ಟು ಕಾಳು, ಬಾಯಿಗೊಂದಿಷ್ಟು ಕಾಳು, ನಡುವೆ ಹೊಟ್ಟೆ ತುಂಬ ಜೊಳ್ಳು. ಲಕ್ಷ್ಮಿಯ ಹೆಸರಿನಲ್ಲಿ ನಾನು ಹೊತ್ತದ್ದು ಅದನ್ನು.

ಸಂತೋಷಕ್ಕೋ ಗಾಬರಿಗೋ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಹೆಜ್ಜೆ ಚುರುಕಾಯಿತು. ಹಾಗೇ ಬೇವಿನ ನೆರಳಿಗೆ ಬಂದೆ. ಅಪ್ಪ ನನ್ನನ್ನು ನೋಡಲಿಲ್ಲ. ತಂಬಾಕು ತಿಕ್ಕುತ್ತಿದ್ದ ಅಂಗೈಯನ್ನೇ ನೋಡುತ್ತ, ನನಗೊಬ್ಬನಿಗೇ ಕೇಳುವಂತೆ ಹೇಳಿದ:

"ಲೇ, ಸಲ್ಪ ಬಾಗಿ ನಡಿಯೋ."

ಬಾಗಿದೆ. ಉಳಿದ ಹೆಜ್ಜೆಗಳನ್ನು ನರಳುತ್ತ, ತೂರಾಡುತ್ತ, ಕಣ್ಣು ಮೇಲೆ ಕೆಳಗೆ ಮಾಡುತ್ತ ಎಷ್ಟು ಚೆಂದ ನಡೆದೆನೆಂದರೆ ದೊಡ್ಡಾಟದವರು ನೋಡಿದ್ದರೆ ಕರೆದು ವೇಷ ಕೊಡುತ್ತಿದ್ದರು. ದೇವರಮನೆಯಲ್ಲಿ ಚೀಲ ಇಳಿಸಿ ಕುಸಿದು ಕೂತಾಗ ಅವ್ವ ನೀರು ತಂದಳು. ಬಾಗಿಲು ಮುಂದೆ ಮಾಡಿ ಕೇಳಿದೆ.

"ಯವ್ವಾ, ಏನಿದು? ಜೊಳ್ಳು ತುಂಬೀದಿ?"

"ಮತ್ತೇನ್ ಮಾಡ್ಲಿ, ನಿನ್ನ ತುಂಬ್ಲಾ?" ಎಂದಳು. ಲೋಟ ನನ್ನ ಕೈಗಿಟ್ಟು, ಚೀಲದ ಕುಂಕುಮ ಸರಿಮಾಡುತ್ತ, ಹಾಲಿಗೆ ನೀರು ಬೆರೆಸಿದ್ದನ್ನು ಹೇಳುವಷ್ಟೇ ಸಲೀಸಾಗಿ ಹೇಳಿದಳು, "ಹತ್ತು ವರ್ಷಾತು, ನಿಮ್ಮಪ್ಪಂದೂ ಹಿಂಗ ಐತಿ. ಮೊದ್ಲ ವರ್ಷ ಒಂದು ಮರ ಹಾಕಿದ್ದೆ. ವರ್ಷಕ್ಕೊಂದು ಹೆಚ್ಚಾತು. ಈ ವರ್ಷ ನಿನಗಂತ ಇನ್ನಾ ನಾಕು."

"ಅಪ್ಪಗ ನೀ ಹೇಳಿದ್ಯಾ?"

"ಹೇಳೋದೇನೈತಿ? ಹೊತ್ತ ಹೆಗಲಿಗೆ ಗೊತ್ತಾಗಂಗಿಲ್ಲೇನು? ನಾ ಹೇಳಿಲ್ಲ, ಅವ್ರು ಕೇಳಿಲ್ಲ. ನೀನೂ ಸುಮ್ಕಿರು."

ಚೀಲೂವರೆಯ ಶಂಕ್ರಪ್ಪ, ನನ್ನನ್ನು ಆಡಿಕೊಂಡ ಅಪ್ಪ, ಹತ್ತು ವರ್ಷದಿಂದ ಊರ ಮುಂದೆ ಜೊಳ್ಳು ಹೊತ್ತುಕೊಂಡು ಬಾಗಿ ನಡೆಯುತ್ತಿದ್ದ. ಪಂಪಣ್ಣನ ಮೇಲೆ ಗುಡುಗಿದ್ದೂ ಈಗ ತಿಳಿಯಿತು. ಆ ಎರಡು ಚೀಲದವ ಒಮ್ಮೆ ಎತ್ತಿದ್ದರೆ ಚೀಲ ಚೆಂಡಿನಂತೆ ಮುಗಿಲಿಗೆ ಹಾರಿ ಹತ್ತು ವರ್ಷದ ಮಾನವೆಲ್ಲ ಕಣದ ಮೇಲೆ ಉದುರುತ್ತಿತ್ತು. ಅಪ್ಪ ನನ್ನನ್ನು ಪರೀಕ್ಷೆಗೆ ನಿಲ್ಲಿಸಿದ್ದಲ್ಲ, ತನ್ನ ಗುಟ್ಟಿಗೆ ವಾರಸುದಾರನನ್ನಾಗಿ ಮಾಡಿದ್ದ. ಮಂದಿಗೆ ಬೆನ್ನು ಹಾಕಿ ತುಂಬಬೇಕು, ಗಂಡಸರು ಇಣುಕಬಾರದು, ದಬ್ಬಣ ಹೆಂಗಸೇ ಹಿಡಿಯಬೇಕು ಎಂಬ ಶಾಸ್ತ್ರವೆಲ್ಲ ಯಾವ ಕಾಲದ್ದೋ. ಯಾವಳೋ ಮುತ್ತಜ್ಜಿಯ ಮುತ್ತಜ್ಜಿ ತನ್ನ ಗಂಡನ ಮೊಳಕಾಲು ನಡುಗುವುದನ್ನು ನೋಡಿ ಈ ಶಾಸ್ತ್ರ ಬರೆದಿರಬೇಕು. ಲಕ್ಷ್ಮಿಯ ಮಾತು ಬಂದರೆ, ಇಷ್ಟು ವರ್ಷ ಜೊಳ್ಳು ನೈವೇದ್ಯ ಮಾಡಿದರೂ ಆಕೆ ತಕರಾರು ತೆಗೆದದ್ದಿಲ್ಲ. ಹೆಂಗಸಲ್ಲವೆ, ಆಕೆಗೂ ಮೊದಲೇ ಗೊತ್ತಿದ್ದೀತು.

ಅಂದು ಊಟಕ್ಕೆ ಅಪ್ಪ ನನ್ನನ್ನು ಮಗ್ಗುಲಿಗೆ ಕೂಡಿಸಿಕೊಂಡ. ತುತ್ತಿನ ನಡುವೆ, "ಭಾಳ ಭಾರ ಆತೇನು?" ಎಂದ. "ಹೂಂ ಯಪ್ಪಾ, ಭಾಳ" ಎಂದೆ. "ಆಕ್ಕೈತಿ, ಆಕ್ಕೈತಿ. ನಮ್ಮ ನೆಲ್ಲು ಗಟ್ಟಿ" ಎಂದು ಮೀಸೆ ಒರೆಸಿಕೊಂಡ. ನಾವಿಬ್ಬರೂ ಕೂಡಿ ಆಡಿದ ಮೊದಲ ಸುಳ್ಳು ಅದು. ಅದಕ್ಕಿಂತ ಮೊದಲು ನಾವು ಆಡಿದ ನಿಜಗಳಲ್ಲಿ ಯಾವುದೂ ನಮ್ಮನ್ನು ಅಷ್ಟು ಹತ್ತಿರ ಕೂಡಿಸಿರಲಿಲ್ಲ.

ಮಸ್ಕಿಗೆ ಮರಳಿದಾಗ ವೀರಭದ್ರ ಪೆಚ್ಚುಮೋರೆ ಹಾಕಿಕೊಂಡು ಬಂದ. ಹಾಸ್ಟೆಲಿನ ಗೆಳೆಯನಿಗೆ ಕಾಗದ ಬರೆದು ಆ ಬಿಟ್ಟುಹೋದ ಪುಟವನ್ನು ತರಿಸಿಕೊಂಡಿದ್ದ. ಬಲಕ್ಕೆ ಸಾದಾ ದಾಳ ಮೂರು ಸಲ ಎಸೆದು ಕೂಡಿಸಿದರೆ ಮುಗಿಯಿತಂತೆ. ಚೀಲವೂ ಬೇಡ, ಕಾಂಟಾವೂ ಬೇಡ. "ಹೊಸದಾಗಿ ಎಸಿ, ರಣಧೀರಗ ಹದಿನೆಂಟು ಬಂದ್ರೂ ಬರಬೌದು" ಎಂದು ದಾಳ ಮುಂದಿಟ್ಟ. ನಾನು ಒಲ್ಲೆನೆಂದೆ. ಆರೇ ಇರಲಿ, ಆ ಬಿಲ್ಲೊಂದು ಕೊಟ್ಟುಬಿಡು ಎಂದೆ. ಆ ಮಧ್ಯಾಹ್ನ ರೆಕ್ಕೆ ಬಂದ ಉಡವನ್ನು ಖಾಜಾನ ಮುದುಕ ಬಡಿದು ಬಡಿದು ಅರೆಜೀವ ಮಾಡಿದ ಮೇಲೆ ನನ್ನ ಆರರ ಬಾಣ ಹೋಗಿ ತಾಗಿತು. ಅದು ತುರಿಸಿಕೊಳ್ಳಲಿಲ್ಲ, ಸತ್ತಿತು. ಖಾಜಾ ನನ್ನನ್ನು ಎತ್ತಿಕೊಂಡು ಕೋಣೆ ತುಂಬ ಕುಣಿದ, ಸೂರಿನ ತೊಲೆಗೆ ನನ್ನ ತಲೆ ಬಡಿಯುವವರೆಗೆ.

ಆಮೇಲಿನ ವರ್ಷಗಳಲ್ಲಿ ಮೊದಲ ಚೀಲ ನಾನೇ ಹೊತ್ತೆ. ಅವ್ವ ವರ್ಷಕ್ಕೊಂದು ಮರ ಜೊಳ್ಳು ತೆಗೆದು ಒಂದು ಮರ ಕಾಳು ಹಾಕುತ್ತ ಬಂದಳು, ಹೇಳದೆ. ನನಗೆ ಗೊತ್ತಾಗುತ್ತಿತ್ತು, ಕೇಳದೆ. ನಾಲ್ಕನೆಯ ಸುಗ್ಗಿಗೆ ಅರ್ಧ ಚೀಲದವನಾದೆ. ಅಲ್ಲಿಂದ ಮುಂದೆ ನನ್ನ ಮೊಳಕೈ ಹೋಗಲಿಲ್ಲ, ಅವ್ವನ ಮರವೂ ಹೋಗಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಪಂಪಣ್ಣನಿಗೆ ಕಾಮಣಿ ಕಾಯಿಲೆ ಬಂತು. ಎರಡು ಚೀಲದ ದೇಹ ಮೂರು ತಿಂಗಳಲ್ಲಿ ಗೂಟಕ್ಕೆ ನೇತುಹಾಕಿದ ಅಂಗಿಯಂತಾಯಿತು. ಆ ವರ್ಷವೂ ಅವನ ಮನೆಯ ರಾಶಿಗೆ ಮೊದಲ ಚೀಲ ಅವನೇ ಹೊರಬೇಕು. ಮಗ ಇನ್ನೂ ಅಂಗನವಾಡಿಯಲ್ಲಿದ್ದ. ಪಂಪಣ್ಣನ ಅವ್ವ ತೀರಿದ ಮೇಲೆ, ಮನೆತನದ ಹಿರಿಯಳೆಂದು, ಆ ಮನೆಯ ಚೀಲದ ಬಾಯಿಯನ್ನೂ ನಮ್ಮವ್ವನೇ ಹೊಲಿಯುತ್ತಿದ್ದಳು. ಆದರೆ ಅಷ್ಟರಲ್ಲಿ ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ರಾಶಿಯ ದಿನ ಬೆಳಿಗ್ಗೆ ಸೆರಗಿನಿಂದ ದಬ್ಬಣ ತೆಗೆದು ನನ್ನ ಅಂಗೈಗಿಟ್ಟಳು. "ಗಂಡಸು ಮುಟ್ಟಬಾರ್ದಲ್ಲ ಯವ್ವಾ" ಎಂದೆ. "ನೀ ಮುಟ್ಟಬೌದು. ನಿನಗ ಗೊತ್ತೈತಿ" ಎಂದಳು.

ಜನ ನಗಲಿಕ್ಕೆ ಬಂದವರು ನಕ್ಕರು. ಮಾಸ್ತರ ಸೀರೆ ಉಟ್ಟುಕೊಂಡು ಬರಬೇಕಿತ್ತು ಎಂದರು. ನಾನು ಮೂಡಣಕ್ಕೆ ಮುಖ ಮಾಡಿ, ಅವರೆಲ್ಲರಿಗೂ ಬೆನ್ನು ಹಾಕಿ ಕೂತೆ. ಪಂಪಣ್ಣನ ಈಗಿನ ತೋಳನ್ನು ಕಣ್ಣಲ್ಲೇ ತೂಗಿದೆ. ವೀರಭದ್ರನ ಕಾಂಟಾದಂತೆ ಅಲ್ಲ, ಆ ಬಿಲ್ಲಿನಂತೆ. ತಳಕ್ಕೆ ಕಾಳು, ನಡುವೆ ಜೊಳ್ಳು ಆರು ಮರ, ಬಾಯಿಗೆ ಕಾಳು. ಕೈಗೆ ರೂಢಿಯಿಲ್ಲದೆ ದಬ್ಬಣ ಚೀಲದ ಮಡಿಕೆಗೆ ಸಿಕ್ಕಿತು, ಜಗ್ಗಿದ ರಭಸಕ್ಕೆ ಮೂತಿ ಸೊಟ್ಟಗಾಯಿತು. ಇಂದಿಗೂ ನಾನು ಅದನ್ನು ನೆಟ್ಟಗೆ ಮಾಡಿಸಿಲ್ಲ.

ಪಂಪಣ್ಣ ಬಂದ. ಹಳದಿ ಕಣ್ಣು, ಒಣಗಿದ ತುಟಿ, ಆದರೂ ತೋಳು ಮಡಚಿಕೊಂಡೇ ಬಂದ. ಬಾಗಿ, ಹಲ್ಲು ಕಚ್ಚಿ, ಸಾಯುವವನಂತೆ ಬಲ ಹಾಕಿ ಎದ್ದ. ಚೀಲ ಸಲೀಸಾಗಿ ಎದ್ದು ಬಂದದ್ದಕ್ಕೆ ಅವನೇ ಒಂದು ಹೆಜ್ಜೆ ಹಿಂದೆ ಜೋಲಿ ಹೊಡೆದ. ಎರಡು ಚೀಲ ಹೊತ್ತು ಬೆಳೆದ ಹೆಗಲು ಅದು, ಇಪ್ಪತ್ತೊಂದು ಹೆಜ್ಜೆ ಅದಕ್ಕೆ ಬೇಕಾಗಲಿಲ್ಲ. ನಿಂತಲ್ಲೇ ನಿಂತು, ಗೋಣಿಯ ಮಗ್ಗುಲಿಂದ ನನ್ನನ್ನು ನೋಡಿದ. ಏನೋ ಕೇಳಲು ಬಾಯಿ ತೆರೆದ. ಊರೆಲ್ಲ ನೋಡುತ್ತಿತ್ತು. ಅವನ ಬೆನ್ನು ನೆಟ್ಟಗಾಗುತ್ತಿತ್ತು.

ನಾನು ದಬ್ಬಣಕ್ಕೆ ಸುತಳಿ ಸುತ್ತುತ್ತ, ನನ್ನ ಅಂಗೈಯನ್ನೇ ನೋಡುತ್ತ, ಅವನೊಬ್ಬನಿಗೇ ಕೇಳುವಂತೆ ಹೇಳಿದೆ:

"ಅಣ್ಣಾ, ಸಲ್ಪ ಬಾಗಿ ನಡಿ."

ಅವನು ಬಾಗಿದ.